ಡಿ'ಸೋಜಾ ಹೆಸರಿನಲ್ಲಿ ತಪ್ಪಿಲ್ಲ

ಕಳೆದ ರಾಜ್ಯೋತ್ಸವದ ಸ್ಪರ್ಧೆಗಳಿಗೆ ಹೆಸರು ಕೊಡಲಿಕ್ಕೆ ನಾವು ಮೂವರು ಸೇರಿ ಒಂದು ಪುಟ್ಟ ವೆಬ್‌ಪೇಜ್ ಮಾಡಿದ್ವಿ. ಪೈಥಾನ್ ಕೋಡ್, ಮೈಎಸ್‌ಕ್ಯೂಎಲ್ ಡೇಟಾಬೇಸ್. ಮೊದಲ ದಿನವೇ ಮಂಗಳೂರು ಕಡೆಯ ಜೂನಿಯರ್ ಒಬ್ಬ ಬಂದು, "ಅಣ್ಣಾ, ನನ್ನ ಹೆಸರು ಹಾಕಿದ್ರೆ ಎರರ್ ಬರ್ತಿದೆ" ಅಂದ. ಸರ್‌ನೇಮ್ ಡಿ'ಸೋಜಾ. ನಾವು ಏನು ಹೇಳಿದ್ವಿ ಗೊತ್ತಾ? "ಮಧ್ಯದ ಆ ಕೋಟ್ ತೆಗೆದು ಹಾಕಪ್ಪಾ." ಅವನು ಪಾಪ ತೆಗೆದು ಹಾಕಿದ. ಸರ್ಟಿಫಿಕೇಟಿನಲ್ಲೂ ಹಾಗೇ ಪ್ರಿಂಟಾಯ್ತು.

ನಮ್ಮ ಕೋಡಿನ ತಪ್ಪಿಗೆ ಒಬ್ಬನ ಮನೆತನದ ಹೆಸರನ್ನೇ ತಿದ್ದಿಬಿಟ್ವಿ.

ಆಗಿದ್ದು ಇಷ್ಟೇ. ಲ್ಯಾಬಿನಲ್ಲಿ ಕಲಿತ ಹಾಗೆ ಕ್ವೆರಿಯನ್ನೂ ಹೆಸರನ್ನೂ ಒಂದೇ ಸ್ಟ್ರಿಂಗ್ ಆಗಿ ಅಂಟಿಸಿದ್ವಿ. ಹೆಸರಿನೊಳಗಿನ ಕೋಟ್ ಬಂದ ತಕ್ಷಣ ಡೇಟಾಬೇಸ್ "ಹೆಸರು ಇಲ್ಲಿಗೆ ಮುಗೀತು" ಅಂದುಕೊಂಡು, ಉಳಿದ 'ಸೋಜಾ'ವನ್ನು ಕಮಾಂಡ್ ಅಂತ ಓದಲು ಹೋಯ್ತು. ಅಮಾಯಕ ಹೆಸರಿಗೆ ಎರರ್ ಬಂತು. ಬೇಕಂತಲೇ ಬೇರೇನಾದರೂ ಟೈಪ್ ಮಾಡುವವನು ಬಂದಿದ್ದರೆ ಪೂರ್ತಿ ಪಟ್ಟಿಯೇ ಅವನ ಕೈಗೆ ಹೋಗಬಹುದಿತ್ತು. ಎಸ್‌ಕ್ಯೂಎಲ್ ಇಂಜೆಕ್ಷನ್ ಅಂದರೆ ಇದೇ. 1998ರಿಂದಲೂ ಜನ ಬರೆಯುತ್ತಾ ಬಂದಿರುವ ವಿಷಯ, ಅಂದರೆ ನಮಗಿಂತ ವಯಸ್ಸಾದದ್ದು.

ಪರಿಹಾರ ಕೇಳಿದರೆ ನಗು ಬರುತ್ತೆ. ಎಕ್ಸಿಕ್ಯೂಟ್ ಫಂಕ್ಷನ್ನಿನಲ್ಲಿ ಕ್ವೆರಿ ಆದಮೇಲೆ ಪರ್ಸೆಂಟ್ ಗುರುತಿನ ಬದಲು ಕಾಮಾ ಹಾಕಬೇಕು, 'ಪರ್ಸೆಂಟ್ ಎಸ್' ಸುತ್ತ ನಾವು ಹಾಕಿದ್ದ ಕೋಟ್ ತೆಗೆಯಬೇಕು. ಅಷ್ಟೇ. ಆಗ ಹೆಸರು ಪ್ಯಾರಾಮೀಟರ್ ಆಗಿ ಹೋಗುತ್ತದೆ. ಅದರಲ್ಲಿ ಏನೇ ಇದ್ದರೂ ಡೇಟಾ ಆಗಿಯೇ ಉಳಿಯುತ್ತದೆ. ಟೇಬಲ್ ಹೆಸರು, ಕಾಲಂ ಹೆಸರುಗಳನ್ನು ಮಾತ್ರ ಹೀಗೆ ಕಳಿಸೋಕಾಗಲ್ಲ. ಅವನ್ನು ನಾವೇ ಬರೆದಿಟ್ಟ ಪಟ್ಟಿಯಿಂದ ಆರಿಸಬೇಕು.

ಎರಡನೇ ಅವಮಾನ ಇನ್ನೂ ದೊಡ್ಡದು. ಕನ್ನಡ ಸಂಘದ ಫಾರ್ಮಿನಲ್ಲಿ ಕನ್ನಡದಲ್ಲಿ ಹೆಸರು ಬರೆದವರ ಸಾಲುಗಳಲ್ಲೆಲ್ಲಾ ಬರೀ ಪ್ರಶ್ನಾರ್ಥಕ ಚಿಹ್ನೆ! ಹಳೇ ಸರ್ವರ್, ಲ್ಯಾಟಿನ್1 ಟೇಬಲ್, ಸ್ಟ್ರಿಕ್ಟ್ ಮೋಡ್ ಆಫ್. ಒಮ್ಮೆ ಹಾಗೆ ಸೇವ್ ಆದ ಅಕ್ಷರ ವಾಪಸ್ ಬರಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೆಸರು ಕೇಳಿದ್ವಿ. ಟೇಬಲ್ಲಿಗೂ ಕನೆಕ್ಷನ್ನಿಗೂ ಯುಟಿಎಫ್8ಎಂಬಿ4 ಅಂತ ಹೇಳಿದ್ದರೆ ಮುಗೀತಿತ್ತು. ಮೈಎಸ್‌ಕ್ಯೂಎಲ್ 8.0ರಲ್ಲಿ ಅದೇ ಡೀಫಾಲ್ಟ್. ಹಳೆಯದರಲ್ಲಿ ನಾವೇ ಕೇಳಬೇಕು.

"ಮೊದಲು ಔಟ್‌ಪುಟ್ ಬರಲಿ, ಸೆಕ್ಯೂರಿಟಿ ಆಮೇಲೆ ಎಲೆಕ್ಟಿವ್‌ನಲ್ಲಿ ಕಲೀತೀರಿ" ಅಂತಾರೆ ಲ್ಯಾಬಿನಲ್ಲಿ. ಸಮಯ ಕಮ್ಮಿ ಅನ್ನೋದು ನಿಜ. ಆದರೆ ಸರಿಯಾದ ಸಾಲು ತಪ್ಪು ಸಾಲಿಗಿಂತ ಉದ್ದವಿಲ್ಲ, ಕಷ್ಟವೂ ಅಲ್ಲ. ಮೊದಲು ಕೈಗೆ ಹತ್ತಿದ್ದೇ ಅಭ್ಯಾಸ ಆಗುತ್ತೆ. ರೂಟ್ ಪಾಸ್‌ವರ್ಡನ್ನು ಕೋಡಿನಲ್ಲೇ ಬರೆದು ಗಿಟ್‌ಹಬ್‌ಗೆ ಹಾಕುವುದನ್ನೂ ನಾವು ಹಾಗೇ ಕಲಿತಿದ್ದು. ಆಮೇಲೆ ಅಳಿಸಿದರೂ ಅದು ಗಿಟ್ ಹಿಸ್ಟರಿಯಲ್ಲಿ ಕೂತಿರುತ್ತೆ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು: ಲ್ಯಾಬ್ ಮ್ಯಾನ್ಯುಯಲಿನ ಮೊದಲ ಪ್ರೋಗ್ರಾಂನಲ್ಲೇ ಪ್ಯಾರಾಮೀಟರ್ ಇರಲಿ, ಮೊದಲ ಕನೆಕ್ಷನ್ನಿನಲ್ಲೇ ಕ್ಯಾರೆಕ್ಟರ್ ಸೆಟ್ ಇರಲಿ, ಪಾಸ್‌ವರ್ಡ್ ಕೋಡಿನಿಂದ ಹೊರಗಿರಲಿ. ನಮ್ಮ ಪಾಲಿನದ್ದನ್ನು ನಾವು ಶುರು ಮಾಡಿದ್ದೀವಿ. ಜೂನಿಯರ್‌ಗೆ ಸಾರಿ ಹೇಳಿ, ಹೊಸ ಸರ್ಟಿಫಿಕೇಟ್ ಪ್ರಿಂಟ್ ಮಾಡಿಸಿ ಕೊಟ್ಟಿದ್ದೀವಿ. ಈ ಸಲದ ಫಾರ್ಮಿನ ಮೊದಲ ಟೆಸ್ಟ್ ಎಂಟ್ರಿಯೂ ಡಿ'ಸೋಜಾನೇ. ಕೋಟ್ ಸಮೇತ, ಕನ್ನಡದಲ್ಲಿ.