ಓಡದಿರುವ ಓಟದ ಬಂಡಿಗಳು

ಹಳೆಯ ಪಂದ್ಯದ ಮೋಟಾರ್ ಸೈಕಲ್ಲುಗಳನ್ನು ಸಂಗ್ರಹಿಸುವ ಶ್ರೀಮಂತರಲ್ಲಿ ಎರಡು ಪಂಗಡಗಳುಂಟು. ಕೆಲವರು ಅವನ್ನು ಒರೆಸಿ, ಹೊಳಪು ಕೊಟ್ಟು, ದೀಪದ ಕೆಳಗೆ ನಿಲ್ಲಿಸುತ್ತಾರೆ. ಉಳಿದವರು ವರ್ಷಕ್ಕೊಮ್ಮೆಯಾದರೂ ಹೊರತಂದು ಓಡಿಸುತ್ತಾರೆ. ನನ್ನ ಒಲವು ಎರಡನೆಯವರ ಕಡೆಗೆ.

ಇಂಗ್ಲೆಂಡಿನ ಎ.ಜೆ.ಎಸ್. ಸಂಸ್ಥೆಯ ‘ಪೋರ್ಕ್ಯುಪೈನ್’ ಬಂಡಿಯನ್ನೇ ನೋಡಿ. ಎಂಜಿನ್ನಿನ ತಲೆಯ ಮೇಲೆ ಎದ್ದುನಿಂತ ಲೋಹದ ಮೊನೆಗಳಿಂದಾಗಿ ಅದಕ್ಕೆ ಮುಳ್ಳುಹಂದಿಯ ಹೆಸರು. 1949ರಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿ.ಟಿ. ಪಂದ್ಯದಲ್ಲಿ ಲೆಸ್ ಗ್ರಹಾಮ್ ಅದನ್ನೇರಿ ಎಲ್ಲರಿಗಿಂತ ಮುಂದಿದ್ದರು. ಇನ್ನೇನು ಗುರಿ ಬಂದಿತೆನ್ನುವಾಗ ಕಿಡಿ ಕೊಡುವ ಮ್ಯಾಗ್ನೆಟೋದ ದಂಡ ಮುರಿಯಿತು. ಗ್ರಹಾಮ್ ಬಂಡಿಯನ್ನು ತಳ್ಳಿಕೊಂಡೇ ಗುರಿ ಮುಟ್ಟಿದರು; ಗೆಲುವು ಹೆರಾಲ್ಡ್ ಡ್ಯಾನಿಯಲ್ ಅವರ ನಾರ್ಟನ್ ಬಂಡಿಯ ಪಾಲಾಯಿತು. ಆದರೂ 500 ಸಿ.ಸಿ. ತರಗತಿಯ ಮೊತ್ತಮೊದಲ ವಿಶ್ವ ಚಾಂಪಿಯನ್ ಪದವಿ ಆ ವರ್ಷ ಗ್ರಹಾಮರಿಗೇ ಸಂದಿತು.

ದೀಪದ ಕೆಳಗೆ ನಿಂತ ಬಂಡಿ ಈ ಕಥೆಯಲ್ಲಿ ಎಷ್ಟನ್ನು ಹೇಳೀತು? ಅದರ ಧ್ವನಿಯಿಲ್ಲ, ವಾಸನೆಯಿಲ್ಲ. ಆ ಕಾಲದ ಪಂದ್ಯದ ಎಂಜಿನ್ನುಗಳಿಗೆ ಹಾಕುತ್ತಿದ್ದುದು ಬಹುಮಟ್ಟಿಗೆ ಹರಳೆಣ್ಣೆ. ನಮ್ಮ ಅಜ್ಜಿಯರು ಮಕ್ಕಳ ನೆತ್ತಿಗೆ ಒತ್ತುತ್ತಿದ್ದರಲ್ಲ, ಅದೇ!

ಓಡಿಸಿದರೆ ಸವೆಯುತ್ತದೆ, ಒಂದೊಂದೇ ಭಾಗ ಬದಲಾಗಿ ಕೊನೆಗೆ ಮೂಲವಸ್ತುವೇ ಉಳಿಯದು ಎಂಬುದು ಮೊದಲ ಪಂಗಡದವರ ವಾದ. ತಳ್ಳಿಹಾಕುವಂಥದಲ್ಲ. ಆದರೆ ನಿಲ್ಲಿಸಿಟ್ಟರೆ ಕೇಡು ತಪ್ಪುವುದೇ? ಒಳಗಿನ ಹರಳೆಣ್ಣೆ ಅಂಟಾಗಿ ಕಟ್ಟಿಕೊಳ್ಳುತ್ತದೆ. ಹಗುರವಾಗಲೆಂದು ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದ ಭಾಗಗಳನ್ನು ತೇವ ತಿನ್ನುತ್ತದೆ. ಮೇಲಾಗಿ, ಮ್ಯಾಗ್ನೆಟೋ ಬಿಚ್ಚಿ ಕಟ್ಟಬಲ್ಲ ಕೈಗಳಿಗೆ ಕೆಲಸವಿಲ್ಲದಿದ್ದರೆ ಆ ವಿದ್ಯೆ ಒಂದು ತಲೆಮಾರಿಗೇ ಮುಗಿದುಹೋಗುತ್ತದೆ.

ರಾಯ್ ರಿಚರ್ಡ್ಸ್ ಎಂಬವರು ತಮ್ಮ ಸಂಗ್ರಹವನ್ನು 1984ರಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿ ವಸ್ತುಸಂಗ್ರಹಾಲಯವಾಗಿ ತೆರೆದರು. 2003ರ ಸೆಪ್ಟೆಂಬರಿನಲ್ಲಿ ಅಲ್ಲಿ ಬೆಂಕಿ ಬಿದ್ದು ಸುಮಾರು 380 ಬಂಡಿಗಳು ಸುಟ್ಟುಹೋದವು. ಮರುವರ್ಷದ ಡಿಸೆಂಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು; ಸುಟ್ಟವುಗಳಲ್ಲಿ ಎಷ್ಟನ್ನೋ ಕುಶಲಿಗಳು ಮತ್ತೆ ಕಟ್ಟಿದರು. ಕಟ್ಟಬಲ್ಲವರು ಇದ್ದರು, ಸದ್ಯ! ಹಾಗೆ ಕಟ್ಟಿದ್ದನ್ನು ಅದೇ ಬಂಡಿಯೆಂದು ಒಪ್ಪಿ ಕೈಮುಗಿಯುವವರು, ಓಡಿಸಿ ಒಂದು ಪಿಸ್ಟನ್ ಬದಲಿಸಿದರೆ ಮೂಲ ಕೆಟ್ಟಿತೆಂದು ಹೇಗೆ ಗೋಳಾಡುತ್ತಾರೆ?

ಪಂದ್ಯದ ಆವೇಶ ಬೇಡ. ನಾಲ್ಕು ಸುತ್ತು ಸಾಕು. ಹ್ಯಾಂಪ್‌ಷೈರಿನ ಸ್ಯಾಮಿ ಮಿಲ್ಲರ್ ತಮ್ಮ ಸಂಗ್ರಹದ ಬಂಡಿಗಳನ್ನು ತಾವೇ ಏರಿ ಜನರೆದುರು ಓಡಿಸಿ ತೋರಿಸಿದವರು. ಅವರು ಸ್ವತಃ ಪಂದ್ಯಗಳಲ್ಲಿ ಗೆದ್ದವರು. ನಿಂತ ಬಂಡಿಗೂ ಓಡುವ ಬಂಡಿಗೂ ಇರುವ ವ್ಯತ್ಯಾಸವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.