ಉತಾರದ ಬಲಗಡೆಯ ಕಲಂ

ಪುಣೆಯ ಹಡಪಸರ ದಾಟಿ ದಿವೆ ಘಾಟಿನ ತಿರುವುಗಳನ್ನು ಹತ್ತಿದರೆ ಮೇಲೆ ಸಾಸವಡದ ಬಯಲು. ಕರ್ಹಾ ನದಿಯ ದಂಡೆ, ಸಂತ ಸೋಪಾನದೇವರ ಸಮಾಧಿ, ಸೀತಾಫಲ ಮತ್ತು ಅಂಜೂರದ ತೋಟಗಳು. ಭಟ್ ಮನೆತನದ ಮೊದಲ ಪೇಶ್ವೆ ಬಾಳಾಜಿ ವಿಶ್ವನಾಥ 1720ರಲ್ಲಿ ಕೊನೆಯುಸಿರೆಳೆದದ್ದೂ ಇಲ್ಲಿಯೇ. ಜೇಜೂರಿಯ ಖಂಡೋಬನನ್ನು ಮೈಲಾರನೆಂದು ಕರೆದು ನಡೆದುಕೊಳ್ಳುವ ನಮ್ಮವರೂ ಇದೇ ದಾರಿಯಲ್ಲಿ ಹೋಗುತ್ತಾರೆ. ಪುರಂದರ ತಾಲೂಕಿಗೆ ವಿಮಾನ ನಿಲ್ದಾಣ ಬರುತ್ತದೆಂದು 2016ರಲ್ಲಿ ಘೋಷಣೆಯಾದಾಗಿನಿಂದ ಈ ದಾರಿಯ ಎರಡೂ ಬದಿಗೆ ಪ್ಲಾಟುಗಳ ಫಲಕಗಳು ಎದ್ದು ನಿಂತಿವೆ.

ಪುಣೆಯಲ್ಲಿ ನೆಲೆ ನಿಂತ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಕುಟುಂಬಗಳು ಭಾನುವಾರ ಇಲ್ಲಿಗೆ ಬಂದು ಜಾಗ ನೋಡುತ್ತವೆ. ಏಜೆಂಟನಿಗೆ ಅವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ರಜಿಸ್ಟ್ರಿ ಆಗತೈತೇನ್ರಿ?’ ‘ಆಗತೈತಿ’ ಎಂಬ ಉತ್ತರ ಬಂದರೆ ಸಾಕು, ಅರ್ಧ ವ್ಯವಹಾರ ಮುಗಿದ ಹಾಗೆ. ಮನೆ ಕೊಳ್ಳುವವರಲ್ಲಿ ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ.

1908ರ ನೋಂದಣಿ ಕಾಯ್ದೆ ದಾಖಲಿಸುವುದು ಪತ್ರವನ್ನು. ಬರೆದುಕೊಟ್ಟವರು ಇವರೇ, ಸಹಿ ಇವರದೇ ಎಂಬುದನ್ನು ಸಬ್ ರಿಜಿಸ್ಟ್ರಾರ್ ಖಚಿತಪಡಿಸಿಕೊಳ್ಳುತ್ತಾರೆ, ಮುದ್ರಾಂಕ ಶುಲ್ಕ ಸರಿಯಿದೆಯೇ ಎಂದು ನೋಡುತ್ತಾರೆ. ಮಾರುವವನಿಗೆ ಮಾರುವ ಹಕ್ಕು ಇತ್ತೇ ಎಂಬ ತೀರ್ಮಾನ ಅವರ ಕೆಲಸವಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಕೆ. ಗೋಪಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿತು. ಮಾಲೀಕತ್ವದ ಪುರಾವೆ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದು ಎಂದಿದ್ದ ಅಲ್ಲಿನ ನಿಯಮವನ್ನೇ ಅದು ರದ್ದು ಮಾಡಿತು. ತನ್ನದಲ್ಲದ ಜಮೀನನ್ನು ಒಬ್ಬ ಬರೆದುಕೊಟ್ಟರೂ ಪತ್ರ ನೋಂದಣಿಯಾಗಬಹುದು. ಆದರೆ ಅವನಿಗೆ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ.

ಹಾಗಾದರೆ ಸರಕಾರದ ಯಾವ ಕಾಗದ ‘ಇವನೇ ಮಾಲೀಕ’ ಎಂದು ಹೊಣೆ ಹೊತ್ತು ಹೇಳುತ್ತದೆ? ಯಾವುದೂ ಹೇಳುವುದಿಲ್ಲ. ಇದಕ್ಕೆ ಕಾರಣ ಹುಡುಕಿ ಬಹಳ ದೂರ ಹೋಗಬೇಕಿಲ್ಲ. 1830ರ ದಶಕದಲ್ಲಿ ಇದೇ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಮುಂಬಯಿ ಪ್ರಾಂತದ ಹೊಸ ಭೂಮಾಪನ ಶುರುಮಾಡಿದರು. ಆ ಪದ್ಧತಿ ಮುಂದೆ ಧಾರವಾಡದ ಕಡೆಗೂ ಬಂತು. ಹೊಲಕ್ಕೆ ನಂಬರು, ಮಣ್ಣಿಗೆ ದರ್ಜೆ, ದರ್ಜೆಗೆ ತಕ್ಕ ಕಂದಾಯ. ಯಾರಿಂದ ಕಂದಾಯ ವಸೂಲಿ ಮಾಡಬೇಕು ಎಂದು ತಿಳಿಯಲು ಹೆಸರು ಬರೆದುಕೊಂಡರು. ಆ ಹೊಲ ನಿಜವಾಗಿ ಯಾರಿಗೆಲ್ಲ ಸೇರಬೇಕು ಎಂಬ ಗೋಜಿಗೆ ಹೋಗಲಿಲ್ಲ. ಇಂದಿನ ಸಾತ್‌ಬಾರಾ ಉತಾರ ಎಂಬ ಜಮೀನಿನ ದಾಖಲೆ ಆ ವಂಶದ್ದು. ಕಂದಾಯ ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಿದ್ಧಿಸುವುದಿಲ್ಲ ಎಂದು ನ್ಯಾಯಾಲಯಗಳು ದಶಕಗಳಿಂದ ಹೇಳುತ್ತಲೇ ಇವೆ.

ಆದರೂ ಈ ಕಾಗದವನ್ನು ಓದಲು ಬಂದರೆ ಅದು ಬಹಳ ಹೇಳುತ್ತದೆ. ಬೆಳಗಾವಿ, ವಿಜಯಪುರದವರು ಪಹಣಿಗೆ ಈಗಲೂ ಉತಾರ ಅಂತಲೇ ಅನ್ನುವುದರಿಂದ ಅವರಿಗೆ ಇದು ಪೂರ್ತಿ ಹೊಸದೇನಲ್ಲ. ಗ್ರಾಮ ನಮೂನೆ ಏಳು ಮತ್ತು ಹನ್ನೆರಡು ಸೇರಿ ಒಂದು ಹಾಳೆ. ಕೆಳಭಾಗದಲ್ಲಿ ಬೆಳೆಗಳ ವಿವರ. ಮೇಲ್ಭಾಗದಲ್ಲಿ ಗಟ್ ನಂಬರು, ಭೋಗವಟಾದಾರನ (ಜಮೀನು ಅನುಭವಿಸುವವನ) ವರ್ಗ, ಖಾತೆದಾರರ ಹೆಸರು, ಕ್ಷೇತ್ರ. ವರ್ಗ ಒಂದು ಎಂದಿದ್ದರೆ ಮಾರಾಟಕ್ಕೆ ಸಾಮಾನ್ಯವಾಗಿ ತಡೆಯಿಲ್ಲ. ವರ್ಗ ಎರಡು ಎಂದಿದ್ದರೆ ಸರಕಾರ ಷರತ್ತಿನ ಮೇಲೆ ಕೊಟ್ಟ ಜಮೀನು, ಅನುಮತಿ ಇಲ್ಲದೆ ಮಾರುವಂತಿಲ್ಲ. ಹೆಸರಿನ ಮುಂದೆ ಚಿಕ್ಕದಾಗಿ ‘ಏ.ಕು.ಮ್ಯಾ.’ ಎಂದಿದ್ದರೆ ನಿಲ್ಲಿ. ಆ ಮನುಷ್ಯ ಏಕತ್ರ ಕುಟುಂಬದ ಮ್ಯಾನೇಜರ್, ಎಂದರೆ ಹೆಸರು ಒಬ್ಬನದು, ಜಮೀನು ಮನೆಮಂದಿಯದು. ‘ಅ.ಪಾ.ಕ.’ ಎಂದಿದ್ದರೆ ಅಪ್ರಾಪ್ತ ಮಗುವಿನ ಪರವಾಗಿ ಪಾಲಕರು ನಿಂತಿದ್ದಾರೆ. ಮಗುವಿನ ಸ್ವಂತ ಆಸ್ತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಮಾರಿದರೆ, ಆ ಮಗು ದೊಡ್ಡದಾದ ಮೇಲೆ ಮೂರು ವರ್ಷದೊಳಗೆ ಬಂದು ಮಾರಾಟವನ್ನು ಪ್ರಶ್ನಿಸಬಹುದು.

ಬಲಗಡೆಯದು ‘ಇತರ ಅಧಿಕಾರ’ ಎಂಬ ಕಲಂ. ಕೊಳ್ಳುವವರ ಕಣ್ಣು ಎಡಗಡೆಯ ಹೆಸರಿನ ಮೇಲೇ ನೆಟ್ಟಿರುತ್ತದೆ. ಜಮೀನಿನ ಸಂಕಟವೆಲ್ಲ ಇರುವುದು ಈ ಬಲಗಡೆಯಲ್ಲಿ. ಬ್ಯಾಂಕಿನ, ಸೊಸೈಟಿಯ ಬೋಜಾ ಇಲ್ಲಿರುತ್ತದೆ. ಗೇಣಿದಾರನ ಹೆಸರು ಇಲ್ಲಿರುತ್ತದೆ. ಪುಣೆ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ‘ಪುನರ್ವಸತಿಗಾಗಿ ಮೀಸಲು’ ಎಂಬ ಷರಾ ಇಲ್ಲೇ ಕಾಣುತ್ತದೆ. ಪ್ರತಿ ನಮೂದಿನ ಜೊತೆ ಒಂದು ಫೇರಫಾರ್ (ಮ್ಯುಟೇಶನ್) ನಂಬರು ಇರುತ್ತದೆ. ಆ ನಂಬರುಗಳನ್ನು ಹಿಡಿದು ಹಿಂದಕ್ಕೆ ಹೋಗಿ ಒಂದೊಂದೂ ಫೇರಫಾರ್ ತೆಗೆಸಿ ಓದಿದರೆ ಮೂವತ್ತು, ನಲವತ್ತು ವರ್ಷಗಳ ಕುಟುಂಬ ಚರಿತ್ರೆ ತೆರೆದುಕೊಳ್ಳುತ್ತದೆ: ಯಾರು ತೀರಿಕೊಂಡರು, ಯಾರನ್ನು ವಾರಸರೆಂದು ಬರೆದರು, ಯಾರ ಹೆಸರು ಯಾವ ವರ್ಷ ಕಡಿಮೆಯಾಯಿತು. ಮರಾಠಿ ಸರಾಗವಾಗಿ ಓದಲು ಬಾರದವರು ಇದನ್ನು ಏಜೆಂಟನ ಬಾಯಿಂದ ಕೇಳಿ ಸುಮ್ಮನಾಗಬಾರದು, ತಮ್ಮದೇ ವಕೀಲರಿಂದ ಓದಿಸಬೇಕು. ಕರ್ನಾಟಕದಲ್ಲಿ ನಾವು ತೆಗೆಸುವ ಋಣಭಾರ ಪತ್ರದ ಜಾಗದಲ್ಲಿ ಇಲ್ಲಿ ವಕೀಲರು ನೋಂದಣಿ ಕಚೇರಿಯ ಇಂಡೆಕ್ಸ್ ಟೂ ಹುಡುಕಿ ಮೂವತ್ತು ವರ್ಷಗಳ ಸರ್ಚ್ ರಿಪೋರ್ಟ್ ಕೊಡುತ್ತಾರೆ. ಊರೊಳಗಿನ ಗಾವಠಾಣದ ಮನೆಯಾದರೆ ಉತಾರ ಇರುವುದಿಲ್ಲ, ಪ್ರಾಪರ್ಟಿ ಕಾರ್ಡ್ ನೋಡಬೇಕು. ಸಾಸವಡದ ಪಕ್ಕದ ಸೋನೋರಿ ಗ್ರಾಮದಲ್ಲೇ ಡ್ರೋನ್‌ನಿಂದ ಗಾವಠಾಣ ಅಳೆಯುವ ಪ್ರಯೋಗ ಮೊದಲು ನಡೆದದ್ದು. 2020ರಲ್ಲಿ ದೇಶಕ್ಕೆಲ್ಲ ಬಂದ ಸ್ವಾಮಿತ್ವ ಯೋಜನೆಗೆ ಅಂಥ ಪ್ರಯೋಗಗಳೇ ದಾರಿ.

ಕರ್ನಾಟಕದಿಂದ ಬಂದವರು ಎಡವುವ ಇನ್ನೊಂದು ಕಡೆಯಿದೆ. ನಮ್ಮಲ್ಲಿ 2020ರ ತಿದ್ದುಪಡಿಯಿಂದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು, ರೈತರಲ್ಲದವರೂ ಹೊಲ ಕೊಳ್ಳಬಹುದಾಯಿತು. ಮಹಾರಾಷ್ಟ್ರದಲ್ಲಿ 1948ರ ಗೇಣಿ ಕಾಯ್ದೆಯ 63ನೇ ಕಲಂ ಉಳಿದಿದೆ. ರೈತನಲ್ಲದವನಿಗೆ ಕೃಷಿ ಜಮೀನು ಬೇಕಾದರೆ ಸಾಮಾನ್ಯವಾಗಿ ಕಲೆಕ್ಟರರ ಅನುಮತಿ ಬೇಕು. ಇದರ ಮೇಲೆ 1947ರ ತುಕಡೆಬಂದಿ ಕಾಯ್ದೆ. 2023ರಲ್ಲಿ ಗೊತ್ತುಮಾಡಿದಂತೆ ನೀರಾವರಿ ಹೊಲ ಹತ್ತು ಗುಂಟೆಗಿಂತ, ಒಣ ಹೊಲ ಇಪ್ಪತ್ತು ಗುಂಟೆಗಿಂತ ಕಡಿಮೆ ತುಂಡಾಗಬಾರದು. ಹಾಗಾಗಿ ‘ಎರಡು ಗುಂಟೆ ಪ್ಲಾಟ್’ ಎಂದು ಫಲಕದಲ್ಲಿ ಕಂಡರೆ ಕೇಳಿ: ಎನ್.ಎ. (ಕೃಷಿಯೇತರ) ಆಗಿದೆಯೇ, ಲೇಔಟ್ ಮಂಜೂರಾಗಿದೆಯೇ, ನನ್ನ ಪ್ಲಾಟಿಗೆ ಬೇರೆ ಉತಾರ ಬರುತ್ತದೆಯೇ? ಹತ್ತಾರು ಜನರ ಹೆಸರು ಒಂದೇ ಉತಾರಕ್ಕೆ ಸೇರಿಸಿ, ಒಳಗೆ ಸ್ಟ್ಯಾಂಪ್ ಕಾಗದದ ಮೇಲೆ ‘ಈ ಮೂಲೆ ನಿನ್ನದು’ ಎಂದು ಬರೆದುಕೊಡುವ ಪದ್ಧತಿ ಇದೆ. ಮನೆ ಕಟ್ಟಲು ಸಾಲಕ್ಕೆ ಹೋದ ದಿನ ಅದರ ಬೆಲೆ ತಿಳಿಯುತ್ತದೆ. ವಸತಿ ಪ್ರದೇಶಗಳಿಗೆ ಈಚೆಗೆ ಸಡಿಲಿಕೆ ಬಂದಿರುವುದು ನಿಜ. ನಿಮ್ಮ ಗಟ್ ನಂಬರಿಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ. ವನಪುರಿ, ಕುಂಭಾರವಳಣ, ಪಾರಗಾಂವ ಸೇರಿ ಏಳು ಹಳ್ಳಿಗಳು ವಿಮಾನ ನಿಲ್ದಾಣದ ಭೂಸ್ವಾಧೀನದಲ್ಲಿವೆ. ಅಲ್ಲಿ ಜಾಗ ತೋರಿಸಿದರೆ ಅಧಿಸೂಚನೆಯ ಪಟ್ಟಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಫ್ಲ್ಯಾಟ್ ಕೊಳ್ಳುವವರ ಪರಿಸ್ಥಿತಿ ಇದಕ್ಕಿಂತ ವಾಸಿ. 2016ರ ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಕರಾರು ಆಗುವ ಮೊದಲು ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ, ಸ್ವಾಧೀನ ತಡವಾದರೆ ಬಡ್ಡಿ ಕೊಡಬೇಕು, ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಸರಿಪಡಿಸಿಕೊಡಬೇಕು. ಹಳೆಯ ಫ್ಲ್ಯಾಟಾದರೆ ಸೊಸೈಟಿ ವರ್ಗಾವಣೆಯ ಪ್ರೀಮಿಯಂ ಎಂದು 25,000 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ. ಇನ್ನು ಸಾಠೇಖತವನ್ನೇ ಖರೇದಿ ಎಂದು ತಿಳಿಯುವವರು ಈಗಲೂ ಇದ್ದಾರೆ. ಅದು ಮುಂದೆ ಕೊಡುತ್ತೇನೆಂಬ ಮಾತು ಅಷ್ಟೇ. ಮಾತು ತಪ್ಪಿದರೆ ದಾವೆಗೆ ಮೂರು ವರ್ಷದ ಗಡುವು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಂಡ ಜಾಗದ ಬಗ್ಗೆ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಖಡಾಖಂಡಿತವಾಗಿ ಹೇಳಿದೆ, ಅದರಿಂದ ಒಡೆತನ ಬರುವುದಿಲ್ಲ.

ಮಾರುವವರಿಗೂ ಕಾನೂನು ಹೊಣೆ ಹೊರಿಸಿದೆ. ತನಗೆ ಗೊತ್ತಿದ್ದು ಕೊಳ್ಳುವವನ ಕಣ್ಣಿಗೆ ಸುಲಭಕ್ಕೆ ಬೀಳದ ದೋಷವನ್ನು ಹೇಳಲೇಬೇಕು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವನು ಶೇ. 1ರಷ್ಟು ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಮಾರುವವರು ವಿದೇಶವಾಸಿ ಆಗಿದ್ದರೆ ಈ ಶೇ. 1ರ ಲೆಕ್ಕ ಇಲ್ಲ, ದರ ಬಹಳ ಹೆಚ್ಚು. ಅಮೆರಿಕದಲ್ಲಿರುವ ಮಗ ಪುಣೆಯ ಮನೆ ಮಾರುವಾಗ ಎಷ್ಟೋ ಕುಟುಂಬಗಳಿಗೆ ಇದು ಕೊನೆ ಗಳಿಗೆಯಲ್ಲಿ ತಿಳಿಯುತ್ತದೆ.

ಇಷ್ಟೆಲ್ಲ ವಿಚಾರಿಸುವವರೂ ಕೇಳಲು ಹಿಂಜರಿಯುವ ಪ್ರಶ್ನೆ ಒಂದಿದೆ: ‘ನಿಮ್ಮ ಅಕ್ಕತಂಗಿಯರು ಎಲ್ಲಿದ್ದಾರೆ?’ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದು 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತಿದೆ. ಆ ದಿನ ತಂದೆ ಬದುಕಿರಬೇಕಾಗಿತ್ತು ಎಂಬ ವಾದವನ್ನು 2020ರ ವಿನೀತಾ ಶರ್ಮಾ ತೀರ್ಪು ತೆಗೆದುಹಾಕಿತು. ಇಲ್ಲಿ ನಡೆಯುವುದು ಬೇರೆ. ಮದುವೆಯಾಗಿ ಹೋದ ಮಗಳನ್ನು ಹಬ್ಬಕ್ಕೋ ಶ್ರಾದ್ಧಕ್ಕೋ ಕರೆದು, ಸೀರೆ ಕೊಟ್ಟು, ಪಾಲು ಬಿಟ್ಟುಕೊಡುವ ಹಕ್ಕ್‌ಸೋಡ್ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹಣ ಪಡೆಯದೆ ಬಿಟ್ಟುಕೊಟ್ಟರೆ ಕೆಲವೇ ನೂರು ರೂಪಾಯಿಯ ಸ್ಟ್ಯಾಂಪು ಸಾಕು. ಮರುವಾರ ಅದೇ ಜಮೀನು ಲಕ್ಷಗಳಿಗೆ ಹೋಗುತ್ತದೆ. ಆ ಪತ್ರವೂ ಇಲ್ಲದೆ ಸಹಿಯನ್ನೇ ಬಿಟ್ಟು ಮಾರಿದ ಕಡೆ, ಹೊಸ ಮನೆಯ ಗೋಡೆ ಏಳುವ ಹೊತ್ತಿಗೆ ವಿಭಾಗದ ದಾವೆಯ ನೋಟಿಸು ಬರುತ್ತದೆ.

ಕೊಳ್ಳುವವರ ಕೈಯಲ್ಲಿ ಒಂದು ಕೆಲಸವಿದೆ. ಖರೇದಿಖತದಲ್ಲಿ ಹೆಣ್ಣುಮಕ್ಕಳನ್ನು ‘ಸಮ್ಮತಿ ಕೊಟ್ಟವರು’ ಎಂದು ಕೊನೆಯ ಪುಟಕ್ಕೆ ಸರಿಸದೆ, ಅಣ್ಣತಮ್ಮಂದಿರ ಜೊತೆ ಮಾರುವವರ ಸಾಲಿನಲ್ಲಿ ಬರೆಸಬೇಕು. ಅವರವರ ಪಾಲಿನ ಹಣಕ್ಕೆ ಅವರವರ ಹೆಸರಿನ ಚೆಕ್ ಬರೆದು, ಅದರ ನಂಬರನ್ನು ಪತ್ರದಲ್ಲೇ ನಮೂದಿಸಬೇಕು. ಅಣ್ಣಂದಿರು ‘ನಮ್ಮ ಮನೆಯ ವಿಷಯ ನಾವು ನೋಡ್ಕೋತೀವಿ’ ಅಂದರೆ, ಸಂಚಕಾರದ ಹಣ ಕೊಡುವುದನ್ನು ಅಲ್ಲಿಗೇ ನಿಲ್ಲಿಸಬಹುದು.