ಊರು ಕೂಡಿ ಕೂರಲಿ, ದೂರದವರ ಮಾತೂ ಕೇಳಲಿ



ಸಭೆ ಎಂದರೆ ನಮಗೆ ಗೊತ್ತಿರುವುದು ಹನುಮಂತ ದೇವರ ಗುಡಿಯ ಕಟ್ಟೆ, ಸಹಕಾರ ಸಂಘದ ಪಡಸಾಲೆ, ಪಂಚಾಯಿತಿ ಕಚೇರಿಯ ಮುಂದೆ ಹಾಕಿದ ಶಾಮಿಯಾನ. ಆದರೆ ಸಭೆಯ ರೂಪ ಈಗ ಬದಲಾಗುತ್ತಿದೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಬೇನೆಯಿಂದಾಗಿ ಇಡೀ ದೇಶಕ್ಕೆ ಬೀಗ ಬಿದ್ದಾಗ ಪಟ್ಟಣದ ಕಚೇರಿಗಳು ಫೋನು ಮತ್ತು ಕಂಪ್ಯೂಟರಿನ ಪರದೆಯ ಮೇಲೆ ಸಭೆ ನಡೆಸತೊಡಗಿದವು. ಬೇನೆ ಇಳಿದ ಮೇಲೂ ಆ ರೂಢಿ ಹೋಗಲಿಲ್ಲ. ಈಗ ಕೆಲವರು ಕೋಣೆಯಲ್ಲಿ ಕೂರುತ್ತಾರೆ, ಕೆಲವರು ಪರದೆಯಲ್ಲಿ ಬರುತ್ತಾರೆ, ಸಭೆ ಮಾತ್ರ ಒಂದೇ. ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು ಬಿತ್ತುವ ನಾವು ಇದನ್ನು ಮಿಶ್ರ ಸಭೆ ಎಂದು ಕರೆಯಬಹುದು.

ಇದು ಪಟ್ಟಣದವರ ವಿಷಯ, ನಮಗೇಕೆ ಎಂದು ನೀವು ಕೇಳಬಹುದು. ಅದು ನಮ್ಮ ಬಾಗಿಲಿಗೂ ಬಂದಿದೆ. ಕಂಪನಿಗಳ ಸರ್ವಸಾಧಾರಣ ಸಭೆಯನ್ನು ವಿಡಿಯೊ ಮೂಲಕ ನಡೆಸಲು ಕೇಂದ್ರ ಸರ್ಕಾರ 2020ರಲ್ಲಿ ಅವಕಾಶ ಕೊಟ್ಟಿತು. ರೈತ ಉತ್ಪಾದಕ ಸಂಸ್ಥೆಗಳಲ್ಲಿ ಹಲವು ಕಂಪನಿ ಕಾಯ್ದೆಯ ಕೆಳಗೇ ನೋಂದಣಿಯಾಗಿವೆ. ಇನ್ನು ಗ್ರಾಮಸಭೆ. 2025ರ ಆಗಸ್ಟ್ 14ರಂದು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 'ಸಭಾಸಾರ' ಎಂಬ ಸಾಧನವನ್ನು ಜಾರಿಗೆ ತಂದಿತು. ಸಭೆಯ ದನಿಯನ್ನೋ ವಿಡಿಯೊವನ್ನೋ ಮುದ್ರಿಸಿ ಕೊಟ್ಟರೆ ಯಂತ್ರವೇ ನಡಾವಳಿ ಬರೆದುಕೊಡುತ್ತದೆ. ಅಂದಮೇಲೆ ನಾವು ಒಲ್ಲೆವೆಂದರೂ ಈ ಪದ್ಧತಿ ಬರುವುದೇ. ಬರುವ ಮೊದಲು ಅದರ ಕಟ್ಟಳೆಗಳನ್ನು ನಾವೇ ಯೋಚಿಸುವುದು ಒಳ್ಳೆಯದು.

ಮಿಶ್ರ ಬೆಳೆ ಇಡುವವನು ಬಿತ್ತುವ ಮೊದಲೇ ಒಂದು ವಿಷಯ ತೀರ್ಮಾನಿಸಿರುತ್ತಾನೆ: ಮುಖ್ಯ ಬೆಳೆ ಯಾವುದು, ನಡುವಿನ ಬೆಳೆ ಯಾವುದು? ಸಭೆಗೂ ಈ ಪ್ರಶ್ನೆ ಕೇಳಬೇಕು. ನಮ್ಮ ಅಭಿಪ್ರಾಯದಲ್ಲಿ ಊರು ಒಂದೆಡೆ ಕೂಡಿ ಕೂರುವುದೇ ಮುಖ್ಯ ಬೆಳೆ. ಫೋನು ಅದರ ನಡುವಿನ ಸಾಲು. ಇದು ತಲೆಕೆಳಗಾದರೆ ನಷ್ಟ ನಮ್ಮದೇ.

ಫೋನಿನ ಉಪಯೋಗವನ್ನು ಕಡೆಗಣಿಸುವಂತಿಲ್ಲ. 2022-23ರಲ್ಲಿ ನಮ್ಮ ಭಾಗದ ತೊಗರಿಗೆ ನೆಟೆ ರೋಗ ಬಡಿದದ್ದನ್ನು ನೀವು ಮರೆತಿರಲಾರಿರಿ. ಗಿಡ ಬಾಡಿದ್ದು ನೀರಿಲ್ಲದೆಯೋ ನೆಟೆಯಿಂದಲೋ ಎಂದು ತಿಳಿಯಲು ಕಾಂಡವನ್ನು ಉದ್ದಕ್ಕೆ ಸೀಳಿ ನೋಡಬೇಕು. ನೆಟೆಯಾಗಿದ್ದರೆ ಒಳಗೆ ಕಪ್ಪು-ಕಂದು ಗೆರೆ ಕಾಣುತ್ತದೆ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿ ಪ್ರತಿ ಹೊಲಕ್ಕೂ ಬರಲಾರರು. ಆದರೆ ಹೊಲದಲ್ಲಿ ಹತ್ತು ಮಂದಿ ನಿಂತು, ಒಬ್ಬನು ಕಾಂಡ ಸೀಳಿ, ಇನ್ನೊಬ್ಬನು ಫೋನು ಹಿಡಿದರೆ ಅವರು ಅಲ್ಲಿಂದಲೇ ನೋಡಿ ಹೇಳಬಲ್ಲರು. ಕಣ್ಣು ದೂರದಲ್ಲಿದ್ದರೂ ಸಾಗುತ್ತದೆ, ಕೈ ಮಾತ್ರ ಹೊಲದಲ್ಲೇ ಇರಬೇಕು.

ಸೇಡಂ, ಮಳಖೇಡ, ವಾಡಿಗಳ ಸಿಮೆಂಟ್ ಕಾರ್ಖಾನೆಗಳನ್ನೇ ನೋಡಿ. ಲೆಕ್ಕಪತ್ರದವರು ಪರದೆಯ ಮೇಲೆ ಸಭೆ ಕೂಡಬಹುದು. ಭಟ್ಟಿಯ ಮುಂದೆ ಪಾಳಿಗೆ ನಿಲ್ಲುವವನಿಗೆ ಆ ಸವಲತ್ತಿಲ್ಲ. ಶಹಾಬಾದದ ಖಣಿಯಲ್ಲಿ ಫರ್ಸಿ ಕಲ್ಲು ಎಬ್ಬಿಸುವವನಿಗೂ ಇಲ್ಲ. ಬೇಸಾಯ ಈ ಎರಡನೆಯ ಜಾತಿಯ ಕೆಲಸ. ಕಚೇರಿಯವರಿಗೆ ಒಗ್ಗಿದ ಸಭೆಯ ಪದ್ಧತಿಯನ್ನು ಹಾಗೆಯೇ ಎತ್ತಿ ತಂದು ಹಳ್ಳಿಗೆ ಹೊಂದಿಸಲು ಆಗದು.

ಇನ್ನು ಊರು ಬಿಟ್ಟು ದುಡಿಯುತ್ತಿರುವವರ ಮಾತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಹೈದರಾಬಾದ್ ಕಡೆಗೆ ರೈಲು ಹಳಿ ಬಿತ್ತು. ವಾಡಿಯಲ್ಲಿ ನಿಂತರೆ ಒಂದು ಗಾಡಿ ಮುಂಬೈಗೆ, ಇನ್ನೊಂದು ಹೈದರಾಬಾದಿಗೆ. ಆ ಗಾಡಿಗಳಲ್ಲಿ ನಮ್ಮ ಜನ ಗುಳೆ ಹೋಗುತ್ತಾರೆ. ಚಿಂಚೋಳಿಯ ತಾಂಡಾಗಳಿಂದಲೂ ಸಂಸಾರ ಸಮೇತ ಹೋಗುವವರಿದ್ದಾರೆ. ಅವರು ಇಲ್ಲದ ಹೊತ್ತಿನಲ್ಲಿ ಗ್ರಾಮಸಭೆ ಕೂಡುತ್ತದೆ, ಮನೆ ಮಂಜೂರಾತಿಯ ಪಟ್ಟಿ ಓದಲಾಗುತ್ತದೆ. ಕೇಳುವವರಿಲ್ಲದ ಹೆಸರು ಬಿಟ್ಟುಹೋಗುವುದು ಸುಲಭ. ಇಂಥವರಿಗೆ ಫೋನಿನ ಮೂಲಕ ಸಭೆಯಲ್ಲಿ ಮಾತನಾಡಲು ಸಿಕ್ಕರೆ ಅದು ದೊಡ್ಡ ಉಪಕಾರ.

ಹಾಗಾದರೆ ಎಲ್ಲರೂ ತಮ್ಮ ತಮ್ಮ ಮನೆಯಿಂದಲೇ ಫೋನಿನಲ್ಲಿ ಸಭೆ ಸೇರಲಿ ಎಂದರೆ ಏನು ತಪ್ಪು? ತಪ್ಪು ಇಲ್ಲಿದೆ. ಮನೆಯ ಒಂದೇ ಫೋನು ಅನೇಕ ಕಡೆ ಗಂಡನ ಇಲ್ಲವೆ ಮಗನ ಜೇಬಿನಲ್ಲಿರುತ್ತದೆ. ಕಳೆ ತೆಗೆಯುವ, ರಾಶಿ ಮಾಡುವ ಹೆಣ್ಣುಮಕ್ಕಳು ಆ ಸಭೆಯಿಂದ ಹೊರಗುಳಿಯುತ್ತಾರೆ. ಗುಡ್ಡದ ಮರೆಯ ತಾಂಡಾದಲ್ಲಿ ಸಿಗ್ನಲ್ ಹೋದರೆ ಆ ತಾಂಡಾದ ಮಾತೂ ಹೋಯಿತು. ಪಕ್ಕದವನ ಮುಖ ನೋಡಿ 'ನೀನೇನಂತಿ?' ಎಂದು ಕೇಳುವ ಅವಕಾಶವೂ ಇರದು. ಕಟ್ಟೆಯ ಮೇಲೆ ಒಬ್ಬನು ಸುಳ್ಳು ಲೆಕ್ಕ ಓದಿದರೆ ಹತ್ತು ಮಂದಿ ಗೊಣಗುತ್ತಾರೆ, ಆ ಗೊಣಗಾಟಕ್ಕೆ ಓದುವವನು ಅಂಜುತ್ತಾನೆ. ಫೋನಿನಲ್ಲಿ ಗುಂಡಿ ಒತ್ತಿ ಎಲ್ಲರ ಬಾಯಿ ಮುಚ್ಚಿಸಬಹುದು!

ನಮ್ಮ ದೇಶದಲ್ಲಿಯೇ ಇದಕ್ಕೊಂದು ಹಳೆಯ ಪಾಠವಿದೆ. 1956ರಲ್ಲಿ ಪುಣೆ ಆಕಾಶವಾಣಿಯು ಯುನೆಸ್ಕೊ ನೆರವಿನಿಂದ ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೊ ಕೇಳುಗರ ಕೂಟಗಳನ್ನು ನಡೆಸಿತು. ರೈತರು ಒಂದೆಡೆ ಕೂತು ಕಾರ್ಯಕ್ರಮ ಕೇಳುವರು, ಮುಗಿದ ಮೇಲೆ ಚರ್ಚಿಸುವರು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವರು. ಬಳಿಕ ತಾಳೆ ನೋಡಿದಾಗ, ರೇಡಿಯೊ ಇದ್ದೂ ಕೂಟವಿಲ್ಲದ ಹಳ್ಳಿಗಳಿಗಿಂತ ಕೂಟವಿದ್ದ ಹಳ್ಳಿಗಳ ಜನ ಬಹಳ ಹೆಚ್ಚು ಕಲಿತಿದ್ದರು. ಪೆಟ್ಟಿಗೆ ಎರಡೂ ಕಡೆ ಒಂದೇ ಆಗಿತ್ತು. ವ್ಯತ್ಯಾಸ ತಂದದ್ದು ಕೂಡಿ ಕೂತದ್ದು.

ಆದ್ದರಿಂದ ನಮ್ಮ ಸಲಹೆ ಇಷ್ಟೆ: ಪರದೆ ಒಂದೇ ಇರಲಿ, ಅದು ವಾಚನಾಲಯದಲ್ಲಿರಲಿ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ 'ಅರಿವು ಕೇಂದ್ರ' ಎಂದು ಕರೆಯುತ್ತಾರೆ. ಹಲವು ಕಡೆ ಕಂಪ್ಯೂಟರೂ ಬಂದಿದೆ. ಊರವರು ಅಲ್ಲಿ ಕೂತು, ದೂರದವರನ್ನು ಅಲ್ಲಿಗೆ ಕರೆದುಕೊಳ್ಳಲಿ. ಇದಕ್ಕೆ ನಾಲ್ಕು ಕಟ್ಟಳೆಗಳು ಬೇಕು.

ಮೊದಲನೆಯದು, ಕೋರಂ ಪ್ರಾಮಾಣಿಕವಾಗಿರಬೇಕು. ಕರ್ನಾಟಕದ ಕಾನೂನಿನಂತೆ ಗ್ರಾಮಸಭೆಗೆ ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಇವುಗಳಲ್ಲಿ ಕಡಿಮೆಯಾದಷ್ಟು ಹಾಜರಿ ಬೇಕು. ಉತ್ಪಾದಕ ಕಂಪನಿಗೆ ಸದಸ್ಯರಲ್ಲಿ ನಾಲ್ಕನೇ ಒಂದು ಪಾಲು ಬೇಕು. ಈ ಲೆಕ್ಕ ತುಂಬಿಸಲು, ಪರದೆಯಲ್ಲಿ ಒಮ್ಮೆ ಹೆಸರು ಮಿನುಗಿಸಿ ಹೋದವರಿಗೆಲ್ಲ ಹಾಜರಿ ಹಾಕುವ ಆಸೆ ಹುಟ್ಟೀತು. ಸಭೆಯ ಆರಂಭದಲ್ಲಿ ಮತ್ತು ಕೊನೆಯಲ್ಲಿ ಹೆಸರು ಕೂಗಿ ದನಿ ಕೇಳಿಯೇ ಹಾಜರಿ ಬರೆಯಬೇಕು.

ಎರಡನೆಯದು, ಕಂಪನಿಯ ಕಾನೂನು ದೂರದವರ ಮತಕ್ಕೂ ಅವಕಾಶ ಕೊಡುತ್ತದೆ, ಅದು ನಡೆಯಲಿ. ಆದರೆ ಗ್ರಾಮಸಭೆಯಲ್ಲಿ ದೂರದವರು ಮಾತನಾಡಲಿ, ತಕರಾರು ಹೇಳಲಿ, ಅದು ಅವರ ಹೆಸರಿನಿಂದಲೇ ದಾಖಲಾಗಲಿ. ಕೈ ಎತ್ತುವುದು ಮಾತ್ರ ಎದುರಿಗೆ ಕೂತವರದಾಗಿರಲಿ. ಯಾರ ಫೋನಿನಿಂದ ಯಾರು ಕೈ ಎತ್ತಿದರು ಎಂದು ಹುಡುಕುವ ಜಗಳ ಊರಿಗೆ ಬೇಡ.

ಮೂರನೆಯದು, ನಡಾವಳಿಯನ್ನು ಮನುಷ್ಯ ಬರೆಯಲಿ, ಯಂತ್ರ ಬರೆಯಲಿ, ಏಳುವ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು. ಯಂತ್ರವು ಮೈಕಿಗೆ ಕೇಳಿದ್ದನ್ನು ಬರೆದೀತು. ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗಿಟ್ಟು ಹೇಳಿದ ಮಾತನ್ನು ಬರೆಯಲಾರದು. ನಮ್ಮ ಕಡೆಯ ಸಭೆಯಲ್ಲಿ ಕನ್ನಡದ ಜೊತೆ ಉರ್ದು, ತೆಲುಗು, ಲಂಬಾಣಿ ಮಾತುಗಳೂ ಬೆರೆತಿರುತ್ತವೆ. ಓದಿದಾಗ 'ನಾ ಹಂಗ ಅಂದಿಲ್ಲ' ಎನ್ನುವ ಹಕ್ಕು ಪ್ರತಿಯೊಬ್ಬರಿಗೂ ಇರಬೇಕು.

ನಾಲ್ಕನೆಯದು, ಹೊತ್ತು. ಹೊಲದ ಕೆಲಸ ಏರುಹೊತ್ತಿನಲ್ಲಿರುವಾಗ ಸಭೆ ಕರೆದು, ಜನ ಬರಲಿಲ್ಲ ಎಂದು ಬರೆದುಕೊಳ್ಳುವುದು ನ್ಯಾಯವಲ್ಲ. ಸಂಜೆ ಸಭೆ ಕೂಡಿದರೆ ಹೆಣ್ಣುಮಕ್ಕಳೂ ಬರುತ್ತಾರೆ, ಪಟ್ಟಣದಲ್ಲಿ ದುಡಿಯುವವರೂ ಕೆಲಸ ಮುಗಿಸಿ ಫೋನಿಗೆ ಸಿಗುತ್ತಾರೆ. ಮುಖ್ಯವಾದ ಠರಾವುಗಳನ್ನು ಯುಗಾದಿ, ದಸರೆಗೆ ಜನ ಊರಿಗೆ ಬಂದಾಗ ಎತ್ತಿಕೊಂಡರೆ ಇನ್ನೂ ಒಳ್ಳೆಯದು.

ಬಾಂಧವರೆ, ಇದಾವುದಕ್ಕೂ ಸರ್ಕಾರದ ಆದೇಶ ಬರುವ ತನಕ ಕಾಯಬೇಕಾಗಿಲ್ಲ. ಮುಂದಿನ ಸಂಘದ ಸಭೆಗೆ ಮೊದಲು ಈ ನಾಲ್ಕು ಮಾತುಗಳನ್ನು ನಿಮ್ಮ ವಾಚನಾಲಯದಲ್ಲಿ ಓದಿಸಿ, ಚರ್ಚಿಸಿ. ಬೇಡವಾದುದನ್ನು ಬಿಡಿ, ಬೇಕಾದುದನ್ನು ಸೇರಿಸಿ, ಒಂದು ಠರಾವು ಮಾಡಿ ಕಾರ್ಯದರ್ಶಿಯ ಕೈಗೆ ಕೊಡಿ. ನಮ್ಮ ಸಭೆ ಹೇಗೆ ನಡೆಯಬೇಕೆಂದು ನಾವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ. ಆಮೇಲೆ ದೂರಿ ಪ್ರಯೋಜನವಿಲ್ಲ.